ಸೂಲಗಿತ್ತಿಯ ಮನೆಯಲ್ಲಿಟ್ಟ ಕೋವಿಗಳು

"ಗುರುಗಳೇ, ಇನ್ನೂ ತಪ್ಪು ಮಾಡದವನ ಕೈಯಿಂದ ಕೋವಿ ಕಸಿಯುವುದು ಅನ್ಯಾಯವಲ್ಲವೇ? ಹೆಣ ಬೀಳುವ ತನಕ ಸುಮ್ಮನಿರುವುದು ಅದಕ್ಕಿಂತ ದೊಡ್ಡ ಅನ್ಯಾಯವಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಾಡಂಚಿನ ಒಂದು ಊರು. ಅಲ್ಲಿ ಮನೆಗೊಂದು ಕೋವಿ. ಗದ್ದೆಗೆ ನುಗ್ಗುವ ಹಂದಿಯನ್ನು ಓಡಿಸುವುದೂ ಅದರಿಂದಲೇ, ಮಗು ಹುಟ್ಟಿದ ಸುದ್ದಿಯನ್ನು ಊರಿಗೆ ಸಾರುವುದೂ ಅದರಿಂದಲೇ. ಕೋವಿ ಕಳೆದುಕೊಂಡವನಿಗೆ ಅಲ್ಲಿ ಮಾನವಿಲ್ಲ.

ಆ ಊರಿನಲ್ಲಿ ರೈತನೊಬ್ಬನಿದ್ದ. ಅವನ ತಮ್ಮನ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ವೈದ್ಯ ತಡವಾಗಿ ಬಂದಿದ್ದ. ಅಂದಿನಿಂದ ತಮ್ಮ ಗದ್ದೆಗಿಳಿಯಲಿಲ್ಲ. ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು, ವೈದ್ಯ ಓಡಾಡುವ ದಾರಿಯನ್ನೇ ನೋಡುತ್ತ ಜಗಲಿಯಲ್ಲಿ ಕೂತ. ಪಕ್ಕದಲ್ಲಿ ಎರಡು ಗುಂಡು. ಅದನ್ನು ಕಂಡ ಮೇಲೆ ಅಣ್ಣನಿಗೆ ಅನ್ನ ಇಳಿಯಲಿಲ್ಲ.

ಅವನು ಪಟೇಲನ ಬಳಿ ಹೋದ. ಪಟೇಲ ಎಲೆಯಡಿಕೆ ಜಗಿಯುತ್ತ, "ಅದಕ್ಕೇನಂತೆ, ನನ್ನ ಆಳುಗಳು ಕಿತ್ತು ತರುತ್ತಾರೆ. ನನ್ನ ಗೋಡೆಯ ಮೇಲಿರಲಿ" ಎಂದ.

ಅಣ್ಣ ಗೋಡೆ ನೋಡಿದ. ಹಿಂದೆ ಹೀಗೆಯೇ ಕಿತ್ತು ತಂದ ಕೋವಿಗಳು ಅಲ್ಲಿ ತುಕ್ಕು ಹಿಡಿಯುತ್ತಿದ್ದವು. ಅವುಗಳ ಒಡೆಯರಲ್ಲಿ ಒಬ್ಬನೂ ಹುಚ್ಚನಲ್ಲ, ಕೊಲೆಗಾರನಲ್ಲ. ಪಟೇಲನಿಗೆ ಎದುರಾಡಿದವರು, ಅಷ್ಟೇ.

"ಇವು ವಾಪಸ್ಸು ಹೋಗುವುದು ಯಾವಾಗ, ಪಟೇಲರೇ?"

"ನನಗೆ ಅನ್ನಿಸಿದಾಗ."

ಅಣ್ಣ ಎದ್ದು ಬಂದ. ಊರಿನ ಸೂಲಗಿತ್ತಿ ಅಜ್ಜಿಗೆ ಯಾರ ಮೇಲೂ ಹಗೆ ಇರಲಿಲ್ಲ. ತನ್ನ ಕೋವಿಯನ್ನು ಅವಳ ಮನೆಯಲ್ಲಿಟ್ಟು, ನೆರೆಯವರ ಜೊತೆ ತಮ್ಮನ ಜಗಲಿಗೆ ನಡೆದ.

"ನಾನೇನು ಮಾಡಿದೆ? ಯಾರಿಗೆ ಹೊಡೆದೆ?" ಎಂದು ತಮ್ಮ ಗುಡುಗಿದ.

"ಯಾರಿಗೂ ಹೊಡೆದಿಲ್ಲ ಕಣೋ. ಅದಕ್ಕೇ ಈಗ ಬಂದೆ. ನನ್ನ ಕೋವಿ ಅಜ್ಜಿಯ ಮನೆಯಲ್ಲಿದೆ. ನಿನ್ನದೂ ಅದರ ಪಕ್ಕ ಇರಲಿ. ಭತ್ತ ಕಣಕ್ಕೆ ಬಂದ ದಿನ ಊರೆದುರು ನೀನು ಮಾತಾಡು. ಊರು ಒಪ್ಪಿದರೆ ಎರಡೂ ಬರುತ್ತವೆ, ಒಪ್ಪದಿದ್ದರೆ ಎರಡೂ ಅಲ್ಲೇ."

ತಮ್ಮ ಅಣ್ಣನ ಬರಿಗೈ ನೋಡಿದ. ಬಾಯಿಗೆ ಬಂದಂತೆ ಬೈದ. ಕೊನೆಗೆ ಕೊಟ್ಟ.

ಆ ಸಲ ಹಂದಿಗಳು ಇಬ್ಬರ ಗದ್ದೆಗೂ ನುಗ್ಗಿದವು. ಇಬ್ಬರೂ ಗದ್ದೆ ಕಾಯುವ ಒಂದೇ ಅಟ್ಟಣೆ ಹತ್ತಿ ಡಬ್ಬಿ ಬಡಿದರು. "ಕೋವಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಸಾರು ಕುದಿಯುತ್ತಿತ್ತು. ಬಡಿ, ಬಡಿ, ನಿನ್ನ ಬುದ್ಧಿಗೆ ಡಬ್ಬಿಯೇ ಸರಿ" ಎಂದು ತಮ್ಮ ಹಂಗಿಸಿದ. ಹೆಂಡತಿ ಸತ್ತ ಮೇಲೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಅಣ್ಣ ಖುಷಿಯಿಂದ ಇನ್ನೂ ಜೋರಾಗಿ ಬಡಿದ.

ಭತ್ತ ಕಣಕ್ಕೆ ಬಂತು. ಊರು ಸೇರಿತು. ವೈದ್ಯನೂ ಬಂದು ಹಿಂದೆ ನಿಂತಿದ್ದ.

"ಒಂದು ಗುಂಡು ವೈದ್ಯನಿಗೆ ಅಂತ ಇಟ್ಟಿದ್ದೆ, ಇನ್ನೊಂದು ನನಗೆ" ಎಂದ ತಮ್ಮ. "ಈಗ ಎರಡೂ ಹಂದಿಗೆ."

ಊರು ನಕ್ಕಿತು, ಒಪ್ಪಿತು. ಅಜ್ಜಿ ಎರಡೂ ಕೋವಿಗಳನ್ನು ಎಣ್ಣೆ ಹಚ್ಚಿ ಒರೆಸಿ ತಂದುಕೊಟ್ಟಳು.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು. "ಹಾಗಾದರೆ ಕಸಿದದ್ದೇ ಸರಿ. ಪಟೇಲ ಕಸಿದಿದ್ದರೂ ವೈದ್ಯ ಉಳಿಯುತ್ತಿದ್ದನಲ್ಲವೇ?" ಎಂದ.

ಗುರುಗಳೆಂದರು: "ವೈದ್ಯ ಉಳಿಯುತ್ತಿದ್ದ, ತಮ್ಮನ ಜೊತೆ ಅಟ್ಟಣೆ ಹತ್ತಲು ಪಟೇಲ ಬರುತ್ತಿದ್ದನೇ?"