ಸಂಜೆಯ ಮರಿಯಮ್ಮನ ಇಗರ್ಜಿ

ಮೊಂತೆಸ್ಪಿನೊ ಎಂಬುದು ಇಟಲಿಯ ನಡುಭಾಗದಲ್ಲಿ, ಆಲಿವ್ ತೋಪುಗಳ ಮೇಲೆ, ಗುಡ್ಡದ ನೆತ್ತಿಗೆ ಅಂಟಿಕೊಂಡಿರುವ ಹಿಡಿಯಷ್ಟು ಊರು. ಊರು ಹಿಡಿಯಷ್ಟಾದರೂ ಜಂಬ ಮಾತ್ರ ಮೂಟೆಗಟ್ಟಲೆ. ಈ ಊರು ಕಟ್ಟಿ ಮಿಕ್ಕಿದ ಕಲ್ಲಿನಲ್ಲಿ ರೋಮ್ ನಗರವನ್ನು ಕಟ್ಟಿದರು ಎನ್ನುತ್ತಾರೆ. ಇಲ್ಲಿಯ ಗಂಟೆ ಹೊಡೆದರೆ ಮೂರು ಊರಾಚೆಯ ಕೋಳಿಗಳು ಬೆಚ್ಚಿಬಿದ್ದು ಎರಡೆರಡು ಮೊಟ್ಟೆ ಇಡುತ್ತವೆ ಎಂದೂ ಎನ್ನುತ್ತಾರೆ. ಹೌದೋ ಅಲ್ಲವೋ ಎಂದು ಕೇಳಿಬರಲು ಮೂರು ಊರಾಚೆಗೆ ಯಾರೂ ಹೋಗಿಲ್ಲ. ಆದರೆ ಊರಂಚಿನ ಪುಟ್ಟ ಕಲ್ಲಿನ ಇಗರ್ಜಿಯ ಮಾತು ಬಂದಾಗ ಈ ಜಂಬಗಾರರ ದನಿಯೂ ತಗ್ಗುತ್ತದೆ. ಅದರ ಹೆಸರು ಸಾಂತ ಮರಿಯ ದೆಲ್ಲ ಸೇರ, ಎಂದರೆ ಸಂಜೆಯ ಮರಿಯಮ್ಮ. ಒಳಗೆ ಎಡಗೋಡೆಯ ಮೇಲೆ, ದೇವಮಂದಿರದ ಮೆಟ್ಟಿಲೇರುತ್ತಿರುವ ಏಳು ವರ್ಷದ ಬಾಲಮರಿಯಳ ಚಿತ್ರವಿದೆ. ಕಾವಿಗೆಂಪಿನ ಅಂಗಿ ಇದೆ, ಬರಿಗಾಲುಗಳಿವೆ, ತಾಯಿಯತ್ತ ಹಿಂತಿರುಗಿದ ಕೊರಳಿದೆ. ಮುಖವಿರಬೇಕಾದ ಜಾಗದಲ್ಲಿ ಅಂಗೈಯಗಲದ ಕಪ್ಪು ಕಲೆ. "ಬೆಂಕಿ ಬಿದ್ದಿತ್ತೇ?" ಎಂದು ಮಧ್ಯಾಹ್ನ ಬಂದ ಪ್ರವಾಸಿಗರು ಕೇಳುತ್ತಾರೆ. ಬೀಗದ ಕೈ ಇಟ್ಟುಕೊಂಡ ಮುದುಕಿ "ಸಂಜೆ ಬನ್ನಿ" ಎನ್ನುತ್ತಾಳೆ. ಅವರಲ್ಲಿ ಹೆಚ್ಚಿನವರಿಗೆ ನಾಲ್ಕು ಗಂಟೆಗೆ ಬಸ್ಸಿರುತ್ತದೆ.

ಹಿಂದೆ ಒಮ್ಮೆ, ಈಗಿನಿಂದ ಏಳುನೂರು ವರ್ಷಗಳಾಚೆ, ಈ ಊರಿನಲ್ಲಿ ದೊನಾತ ಎಂಬ ಗಾರೆಯ ಹೆಂಗಸಿದ್ದಳು. ಅವಳ ಅಪ್ಪ ಸುಣ್ಣ ಸುಡುವವನು. ಅವಳು ಕರಣೆಯಿಂದ ಒಮ್ಮೆ ಸವರಿದ ಗೋಡೆಯ ಮೇಲೆ ನೊಣ ಕೂತರೆ ಕಾಲು ಜಾರಿ ಬೀಳುತ್ತಿತ್ತಂತೆ. ಗಂಡ ವನ್ನೊ ಪೇಟೆಯಲ್ಲಿ ಕಲಿತ ಚಿತ್ರಗಾರ, ಮರದ ಹಲಗೆಗಳ ಮೇಲೆ ಸಂತರನ್ನು ಬರೆಯುವವನು. ತಾನು ಬರೆದ ಸಂತ ಪೇತ್ರನಿಗೆ ಪ್ರತಿ ಶನಿವಾರ ಕ್ಷೌರ ಮಾಡಿಸಬೇಕಾಗುತ್ತದೆ, ಗಡ್ಡ ಅಷ್ಟು ಜೀವಂತ ಎಂದು ದ್ರಾಕ್ಷಾರಸದಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ. ಇಬ್ಬರಿಗೂ ಒಬ್ಬಳೇ ಮಗಳು, ತೆಸ್ಸ. ಏಳನೆಯ ವಯಸ್ಸಿನಲ್ಲಿ, ಮುಂದಿನ ಎರಡು ಹಲ್ಲು ಬಿದ್ದ ಬೇಸಿಗೆಯಲ್ಲಿ, ಕೆಳಗಿನ ಜೌಗಿನಿಂದ ಎದ್ದ ಜ್ವರ ಅವಳನ್ನು ನಾಲ್ಕೇ ದಿನದಲ್ಲಿ ಕೊಂಡೊಯ್ದಿತು. ಜಂಬದ ವನ್ನೊ ಅಂಗಡಿಗೆ ಹೋಗುವುದನ್ನು ಬಿಟ್ಟ. ದೊನಾತಳಿಗೆ ಅಳುವಿಗಿಂತ ದೊಡ್ಡ ಹೆದರಿಕೆಯೊಂದು ಹೊಕ್ಕಿತು. ಒಂದು ದಿನ ಉಣ್ಣುತ್ತಾ ಅವನು, "ಅವಳ ಬಲಗಿವಿಯ ಹತ್ತಿರ ಮಚ್ಚೆ ಇತ್ತಲ್ಲ" ಎಂದ. "ಎಡಗಿವಿ" ಎಂದಳು ಅವಳು. "ಬಲ" ಎಂದ ಅವನು. ಇಬ್ಬರೂ ತುತ್ತು ಕೆಳಗಿಟ್ಟರು. ಸತ್ತು ಎರಡು ತಿಂಗಳು ತುಂಬಿರಲಿಲ್ಲ, ಆಗಲೇ ಮಗಳ ಮುಖ ಅಪ್ಪನ ಕೈ ತಪ್ಪುತ್ತಿತ್ತು. ಇನ್ನೆರಡು ವರ್ಷಕ್ಕೆ ತನಗೂ ಹೀಗೇ ಆದರೆ?

ಅದೇ ಕಾಲಕ್ಕೆ ಊರ ಪಾದ್ರಿ ಉಗೊ ಅವರು ಇಗರ್ಜಿಯ ಎಡಗೋಡೆಗೆ ಬಾಲಮರಿಯಳ ಚಿತ್ರ ಬೇಕೆಂದು ಕೇಳಿದರು. ಗಾರೆ ಹೆಂಡತಿಯದು, ಬಣ್ಣ ಗಂಡನದು. ಯಾರ ಮುಖ ಬರೆಯಬೇಕೆಂದು ಅವರಿಬ್ಬರೂ ಬಾಯಿಬಿಟ್ಟು ಆಡಿಕೊಳ್ಳಲಿಲ್ಲ. ಗೋಡೆಚಿತ್ರದ ಕೆಲಸಕ್ಕೆ ಒಂದು ಕಟ್ಟಳೆ ಇದೆ: ಬೆಳಿಗ್ಗೆ ಬಳಿದ ಹಸಿಗಾರೆಯ ಮೇಲೆ ಸಂಜೆಯೊಳಗೆ ಬರೆದು ಮುಗಿಸಬೇಕು, ಗಾರೆ ಒಣಗಿದರೆ ಅದು ಬಣ್ಣವನ್ನು ಕುಡಿಯುವುದಿಲ್ಲ. ಅಂಗಿಗೊಂದು ದಿನ, ಮೆಟ್ಟಿಲಿಗೆರಡು ದಿನ ಹೋದವು. ಮುಖದ ದಿನ ದೊನಾತ ಬೆಳಕು ಹರಿಯುವ ಮೊದಲೇ ಅಂಗೈಯಗಲ ಗಾರೆ ಬಳಿದು, ಮಗುವಿನ ಕೆನ್ನೆ ಒರೆಸುವ ಹಾಗೆ ಸವರಿದಳು. ವನ್ನೊ ತನ್ನ ಪೆಟ್ಟಿಗೆಯಿಂದ ಬಿಳಿಬಣ್ಣದ ಕುಡಿಕೆ ತೆಗೆದ. ದೊನಾತ ನೋಡಿದರೆ ಸೀಸದ ಬಿಳಿ.

"ಅದು ಹಲಗೆಗೆ ಸರಿ. ಗೋಡೆಗೆ ಸುಣ್ಣದ ಬಿಳಿಯೇ ಆಗಬೇಕು. ಸೀಸ ಗೋಡೆ ಹತ್ತಿದರೆ ಕಪ್ಪಾಗುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದ."

"ನಿಮ್ಮಪ್ಪ ಎಷ್ಟು ಸಂತರನ್ನು ಬರೆದಿದ್ದ? ಸುಣ್ಣದಲ್ಲಿ ಬರೆದರೆ ಅವಳು ಹೆಣದ ಹಾಗೆ ಕಾಣುತ್ತಾಳೆ, ದೊನಾತ. ನನ್ನ ಮಗಳು ಹೊಳೆಯಬೇಕು."

ಹೆಣ ಎಂಬ ಮಾತು ಬಂದಮೇಲೆ ಅವಳು ವಾದಿಸಲಿಲ್ಲ. ಅವನು ಬಣ್ಣ ಕಲಸಲು ನೀರು ತರಲು ಹೋದಾಗ, ಮಗಳ ಜಡೆಗೆ ಸಿಕ್ಕಿಸುತ್ತಿದ್ದ ಎಲುಬಿನ ಕಡ್ಡಿಯನ್ನು ತಲೆವಸ್ತ್ರದ ಗಂಟಿನಿಂದ ಬಿಚ್ಚಿದಳು. ಜನ್ಮದಲ್ಲಿ ಒಂದು ಗೆರೆ ಎಳೆದವಳಲ್ಲ. ಆದರೂ ಹಸಿಗಾರೆಯಲ್ಲಿ ಆಳವಾಗಿ ಗೀರಿದಳು: ಸೊಟ್ಟ ಹುಬ್ಬು, ಮೊಂಡು ಮೂಗು, ಬಿದ್ದ ಹಲ್ಲು ಕಾಣಬಾರದೆಂದು ಬಿಗಿಯಾಗಿ ಮುಚ್ಚಿಕೊಂಡ ತುಟಿ. ಎಡಗಿವಿಯ ಹತ್ತಿರ ಕಡ್ಡಿಯ ತುದಿಯನ್ನು ಒತ್ತಿ ತೆಗೆದಳು. ಬಂದ ವನ್ನೊ ನೋಡಿ, "ಓಹೋ, ಕರಣೆಗೆ ಕೈಕಾಲು ಬಂತು! ನಾಳೆಯಿಂದ ನಾನು ಗಾರೆ ಕಲಸುತ್ತೇನೆ, ನೀನು ಸಂತರನ್ನು ಬರಿ" ಎಂದು ನಕ್ಕ. ಎರಡು ತಿಂಗಳಲ್ಲಿ ಅದು ಅವನ ಮೊದಲ ನಗು. ಅದಕ್ಕಾಗಿಯೇ ಅವಳು ಸುಮ್ಮನಿದ್ದಳು. ಅವನು ಗೀರುಗಳೆಲ್ಲ ತುಂಬುವಂತೆ ಸೀಸದ ಬಿಳಿಯನ್ನು ದಪ್ಪಗೆ ಹಚ್ಚಿ, ಅದರ ಮೇಲೆ ತನ್ನ ಮಗಳನ್ನು ಬರೆದ. ನಗುವ ತುಟಿ, ನೀಳ ಮೂಗು, ಮುತ್ತಿನಂಥ ಹಲ್ಲು. ಊರೆಲ್ಲ ಬೆರಗಾಯಿತು. ಮುಖ ಬಹಳ ಚೆನ್ನಾಗಿತ್ತು, ದೊನಾತಳಿಗೆ ಅದೇ ಸಂಕಟ. ತೆಸ್ಸ ಅಷ್ಟು ಚೆಲುವೆಯಾಗಿರಲಿಲ್ಲ.

ಮೂರನೆಯ ವರ್ಷ ಕೆನ್ನೆಗೆ ಹೊಗೆ ಹಿಡಿದಂತಾಯಿತು. ಐದನೆಯ ವರ್ಷ ಹಣೆ ಕಂದಿತು. ಎಲ್ಲೆಲ್ಲಿ ಹೆಚ್ಚು ಹೊಳೆಯಲಿ ಎಂದು ಬಿಳಿ ಹಚ್ಚಿದ್ದನೋ ಅಲ್ಲಲ್ಲೇ ಹೆಚ್ಚು ಕಪ್ಪು. ವನ್ನೊ ಒದ್ದೆಬಟ್ಟೆಯಲ್ಲಿ ಒರೆಸಿ ನೋಡಿದ, ರೊಟ್ಟಿಯ ತಿರುಳಿನಿಂದ ತಿಕ್ಕಿ ನೋಡಿದ. ಕೊನೆಗೆ ಇಗರ್ಜಿಗೆ ಕಾಲಿಡುವುದನ್ನೇ ಬಿಟ್ಟ. "ಒಂದು ಸಲ ಜ್ವರ ಕೊಂದಿತು, ಇನ್ನೊಂದು ಸಲ ನಾನು ಕೊಂದೆ" ಎಂದನಂತೆ. ಏಳನೆಯ ವರ್ಷಕ್ಕೆ ಮುಖ ಇದ್ದಿಲಾಯಿತು, ಬಣ್ಣ ಹಕ್ಕಳೆಯಾಗಿ ಉದುರತೊಡಗಿತು. ತೆಸ್ಸ ಬದುಕಿದ್ದರೆ ಹದಿನಾಲ್ಕು ತುಂಬುತ್ತಿತ್ತು. ಮಕ್ಕಳು ಚಿತ್ರ ಕಂಡು ಹೆದರುತ್ತಿದ್ದಾರೆ, ಆ ಮುಖ ಕೆರೆಸಿಬಿಡಿ ಎಂದು ಊರವರು ದೂರಿದರು. ಉಗೊ ಪಾದ್ರಿಗಳು ಕೆಟ್ಟವರಲ್ಲ. ತಾವೇ ದೊನಾತಳ ಮನೆಯ ಹೊಸ್ತಿಲಿಗೆ ಬಂದರು.

"ಬಳಿದವರೇ ಕೆರೆಯಬೇಕು ಎನ್ನುವುದು ನಿಮ್ಮ ಕಸುಬಿನ ರೂಢಿಯಲ್ಲವೇ, ಮಗಳೇ. ಬೇರೆಯವರ ಉಳಿ ತಾಗುವುದಕ್ಕಿಂತ ನಿನ್ನ ಕೈಯೇ ವಾಸಿ."

"ಹೌದು ಗುರುಗಳೇ" ಎಂದಳು ದೊನಾತ. ಅವಳಿಗೆ ಆಗಲೇ ಮಗಳ ಮುಖ ಮರೆಯುತ್ತಿತ್ತು. ಕಣ್ಣು ಮುಚ್ಚಿದರೆ ಗಂಡ ಬರೆದ ನಗುವೇ ಬರುತ್ತಿತ್ತು, ತೆಸ್ಸ ಬರುತ್ತಿರಲಿಲ್ಲ. ಗೀರಿದ ಗೆರೆಗಳು ಬಣ್ಣದಡಿ ಮುಚ್ಚಿಹೋದವೆಂದೇ ಅವಳು ತಿಳಿದಿದ್ದಳು.

ಅದು ದ್ರಾಕ್ಷಿ ಕೊಯ್ಲಿನ ಕಾಲ, ಊರೆಲ್ಲ ತೋಟದಲ್ಲಿತ್ತು. ಅವಳು ಉಳಿ ಸುತ್ತಿಗೆ ಹಿಡಿದು ಒಬ್ಬಳೇ ಬಂದಳು. ಧೂಳು ಬೀಳುತ್ತದೆಂದು ಚಿತ್ರದ ಮುಂದಿನ ಮೇಣದಬತ್ತಿಯ ಸಾಲನ್ನು ಪಾದ್ರಿಗಳು ತೆಗೆಸಿದ್ದರು. ಹಗಲಿರುಳು ಉರಿಯುತ್ತಿದ್ದ ಆ ಸಾಲು ಅಲ್ಲಿಂದ ಕದಲಿದ್ದೇ ಅಂದು. ಉಳಿಯನ್ನು ಕಪ್ಪಿನ ಅಂಚಿಗಿಟ್ಟಳು, ಕೈ ಏಳಲಿಲ್ಲ. ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಎಂದು ಕೂತಳು. ಹೊತ್ತು ಇಳಿದು, ಬಾಗಿಲ ಮೇಲಿನ ದುಂಡು ಕಿಟಕಿಯಿಂದ ಬಿಸಿಲು ಒಳಹೊಕ್ಕು ಗೋಡೆಯನ್ನು ಸವರಿಕೊಂಡು ಓರೆಯಾಗಿ ಹರಿಯಿತು. ಎದುರಿನ ಮೇಣದಬತ್ತಿಯ ಬೆಳಕು ಇಷ್ಟು ವರ್ಷ ತಗ್ಗುದಿಣ್ಣೆಯನ್ನೆಲ್ಲ ಒಂದು ಮಾಡಿಬಿಟ್ಟಿತ್ತು. ಈಗ ಓರೆಬಿಸಿಲಿಗೆ, ತುಂಬಿದ್ದ ಬಣ್ಣ ಉದುರಿ ತೆರೆದುಕೊಂಡಿದ್ದ ಕಪ್ಪಿನೊಳಗಿನ ಒಂದೊಂದು ಗೀರೂ ಒಂದಂಚಿನಲ್ಲಿ ಹೊಳೆದು ಇನ್ನೊಂದಂಚಿನಲ್ಲಿ ನೆರಳು ಹಿಡಿಯಿತು. ಸೊಟ್ಟ ಹುಬ್ಬು. ಮೊಂಡು ಮೂಗು. ಹಲ್ಲು ಮುಚ್ಚಿಕೊಂಡ ತುಟಿ.

ದೊನಾತ ಉಳಿ ಬಿಟ್ಟು ಓಡಿದಳು. ಮನೆಯಲ್ಲಿದ್ದ ಗಂಡನ ತೋಳು ಹಿಡಿದು ಎಳೆದುಕೊಂಡೇ ಬಂದಳು. ವನ್ನೊ ಬಾಗಿಲಲ್ಲಿ ನಿಂತು ನೋಡಿದ.

"ಈ ಗೆರೆ ನನ್ನದಲ್ಲ" ಎಂದ.

"ಅಲ್ಲ."

ಅವನು ಹತ್ತಿರ ಹೋಗಿ, ಗೋಡೆಗೆ ಬೆರಳು ತಾಗಿಸದೆ, ಕಿವಿಯ ಪಕ್ಕದ ಚುಕ್ಕೆಯನ್ನು ತೋರಿಸಿದ. "ಎಡವೇ ಆಗಿತ್ತು" ಎಂದು ಹೇಳಿ, ಅಲ್ಲೇ ನೆಲದ ಮೇಲೆ ಕುಸಿದು, ಏಳು ವರ್ಷ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತ. ಸಂಜೆಯ ಜಪಕ್ಕೆಂದು ಬಂದ ಪಾದ್ರಿಗಳು ಗೋಡೆ ನೋಡಿದರು, ಗಂಡಹೆಂಡಿರನ್ನು ನೋಡಿದರು, ಬಿದ್ದಿದ್ದ ಉಳಿಯನ್ನು ಎತ್ತಿ ತಮ್ಮ ನಿಲುವಂಗಿಯೊಳಗೆ ಸೇರಿಸಿಕೊಂಡರು. ಅಷ್ಟರಲ್ಲಿ ಬಿಸಿಲು ಜಾರಿ ಮುಖ ಮತ್ತೆ ಕಪ್ಪಾಯಿತು. ದಿನಕ್ಕೊಮ್ಮೆ ಬರುವ ಮಗಳು ದಿನಕ್ಕೊಮ್ಮೆ ಹೋಗಲೇಬೇಕೆಂದು ದೊನಾತಳಿಗೆ ಆಗ ತಿಳಿಯಿತು. ಬೀದಿಯಲ್ಲಿ ಆಡುವ ಮಗುವನ್ನು ಕತ್ತಲಾದಾಗ ಕೂಗುವ ಹಾಗೆ, ಮೆಲ್ಲಗೆ, "ಸಾಕಿನ್ನು, ಒಳಗೆ ಬಾ" ಎಂದಳು ಎನ್ನುತ್ತಾರೆ.

ಆ ದಂಪತಿಗಳ ಗೋರಿ ಎಲ್ಲಿದೆಯೋ, ಇಷ್ಟೆಲ್ಲ ಬಲ್ಲ ಮೊಂತೆಸ್ಪಿನೊದವರಿಗೂ ಗೊತ್ತಿಲ್ಲ. ಎಡಗೋಡೆಯ ಮುಂದೆ ಮಾತ್ರ ಅಂದಿನಿಂದ ಬತ್ತಿಯಿಲ್ಲ; ವಿದ್ಯುತ್ ದೀಪ ಬಂದಮೇಲೂ ಸೂರ್ಯ ಮುಳುಗುವತನಕ ಅದರ ಗುಂಡಿ ಮುಟ್ಟುವಂತಿಲ್ಲ. ಬಸ್ಸು ತಪ್ಪಿಸಿಕೊಂಡು ಉಳಿದವರಿಗೆ, ಒಂದು ಜಪಮಾಲೆ ಮುಗಿಯುವಷ್ಟು ಹೊತ್ತು, ಕಪ್ಪಿನೊಳಗಿಂದ ಒಂದು ಹುಡುಗಿ ಬಾಯಿ ಬಿಗಿದುಕೊಂಡು ಹಿಂತಿರುಗಿ ನೋಡುವುದು ಕಾಣುತ್ತದೆ. ಚೆಲುವೆಯೇನಲ್ಲ. ಬಿಸಿಲು ಜಾರುತ್ತಲೇ ಬೀಗದ ಮುದುಕಿ ಎದ್ದು, ಗೋಡೆಯತ್ತ ತಿರುಗಿ, "ಸಾಕಿನ್ನು, ಒಳಗೆ ಬಾ" ಎನ್ನುತ್ತಾಳೆ. ಆಮೇಲೆ ಬಾಗಿಲೆಳೆದು ಬೀಗ ಹಾಕುತ್ತಾಳೆ.