ಜೋಳಿಗೆಯ ಗೂಟಕ್ಕೆ ಬಲೆ

ಹೊನ್ನಗುಡ್ಡದ ಕೆರೆಯ ದಂಡೆಯ ಮೇಲೆ, ಮಣ್ಣಿನ ಮಾಳಿಗೆಯ ಪುಟ್ಟ ಮಠದಲ್ಲಿ ಪರಮಪೂಜ್ಯ ಶ್ರೀ ಗುರುಪಾದಜ್ಜನವರು ವಾಸವಾಗಿದ್ದರು. ಒಂದು ಕಂಬಳಿ, ಒಂದು ಜೋಳಿಗೆ, ಅದನ್ನು ತೂಗುಹಾಕಲು ಗೋಡೆಗೊಂದು ಗೂಟ, ಇಷ್ಟೇ ಅವರ ಸಂಸಾರ. ಮುಂಜಾನೆ ಕೆರೆಯಲ್ಲಿ ಮಿಂದು ಪೂಜೆಗೆ ಕೂರುವುದು ಅವರ ನೇಮ. ಅಜ್ಜನವರ ಪಾದಕ್ಕೆ ಏನೂ ತೊಡರಬಾರದೆಂದು ಭಕ್ತರು ಪ್ರತಿ ಸೋಮವಾರ ದಂಡೆಯ ಜೊಂಡನ್ನು ಕುಡುಗೋಲಿನಿಂದ ಬುಡಮಟ್ಟ ಸವರುತ್ತಿದ್ದರು. ಸೇವೆ ಎಂದ ಮೇಲೆ ಪೈಪೋಟಿ ಇರದೆ ಇದ್ದೀತೆ? ಕಡೆಗೆ ಕೆರೆಯ ಸುತ್ತ ಹಿಡಿಯಷ್ಟು ಹಸಿರೂ ಉಳಿಯಲಿಲ್ಲ.

ಕೆಲವೇ ಮಳೆಗಾಲಗಳಲ್ಲಿ ಮೀನು ಕಾಣೆಯಾದವು. ಭಕ್ತರಿಗೆ ಹಿಗ್ಗೋ ಹಿಗ್ಗು. ಅಜ್ಜನವರ ತಪಃಪ್ರಭಾವದಿಂದ ಇಲ್ಲಿ ಜೀವಹಿಂಸೆ ನಿಂತಿತೆಂದು ಊರೂರಲ್ಲಿ ಹೇಳಿಕೊಂಡು ಬಂದರು. ಅಂಬಿಗರ ಕೇರಿಯಲ್ಲಿ ಒಲೆ ಹೊತ್ತದೆ ಹೋದದ್ದನ್ನು ಮಾತ್ರ ಯಾರೂ ಹೇಳಲಿಲ್ಲ.

ಒಂದು ದಿನ ಅಂಬಿಗರ ಹುಲಿಗೆಮ್ಮ ಮಠಕ್ಕೆ ಬಂದಳು. ಗಂಡ ತೀರಿದ ಮೇಲೆ ತಾನೇ ಬಲೆ ಬೀಸಿ ಮಕ್ಕಳನ್ನು ಸಾಕಿದ ಹೆಂಗಸು. ನಮಸ್ಕಾರವನ್ನೂ ಮಾಡದೆ ಬಾಗಿಲಲ್ಲೇ ನಿಂತಳು.

"ಅಜ್ಜಾರ, ನಿಮ್ಮ ಪವಾಡ ನೀವ ವಾಪಸ್ ತಗೋರಿ. ಇಲ್ಲಾಂದ್ರ ನಾಳಿಗೆ ಮಕ್ಕಳನ್ನ ಕಟಗೊಂಡು ಊರು ಬಿಡತೀನಿ."

ಶಿಷ್ಯರು ಸಿಡಿಮಿಡಿಗೊಂಡರು. ಯಾವ ಪವಾಡವೆಂದು ಅಜ್ಜನವರು ಅಚ್ಚರಿಯಿಂದ ಕೇಳಿದರು. ಅವರ ಕಿವಿಗೆ ಈ ಸುದ್ದಿಯೇ ಬಿದ್ದಿರಲಿಲ್ಲ. ಎಲ್ಲ ಆಲಿಸಿ ಅವಳೊಡನೆ ಕೆರೆಗೆ ನಡೆದರು. ಮೀನು ಮೊಟ್ಟೆಯಿಡುವುದೆಲ್ಲಿ ಎಂದು ವಿಚಾರಿಸಿದರು. ಜೊಂಡಿನ ಬುಡದಲ್ಲಿ, ಮರಿ ಬೆಳೆಯುವುದೂ ಅದರ ಮರೆಯಲ್ಲೇ ಎನ್ನುತ್ತ ಅವಳು ಬೋಳು ದಂಡೆಯತ್ತ ತಿರುಗಿ ದಿಟ್ಟಿಸಿದಳು. ಮಠದ ಮೇಲಿನ ಸಿಟ್ಟಿನಲ್ಲಿ ಅವಳೂ ತಪಸ್ಸನ್ನೇ ದೂರಿದ್ದಳು, ದಂಡೆಯನ್ನು ನೋಡಿರಲಿಲ್ಲ.

ಅಜ್ಜನವರು ನಕ್ಕರು. "ಇದು ನನ್ನ ತಪಸ್ಸಲ್ಲವ್ವಾ, ನಮ್ಮವರ ಕುಡಗೋಲು."

ಮರುದಿನದಿಂದ ಅವರು ಕೆರೆಗೆ ಇಳಿಯಲಿಲ್ಲ. ಆ ವಯಸ್ಸಿನಲ್ಲಿ ಬಾವಿಯ ನೀರು ಸೇದಿ ಅಂಗಳದಲ್ಲೇ ಮಿಂದರು. ಜೊಂಡಿಗೆ ಕುಡುಗೋಲು ಸೋಕಿಸಬಾರದೆಂದು ಅಪ್ಪಣೆಯಾಯಿತು. ಭಿಕ್ಷೆಯಲ್ಲಿ ಬಂದ ರೊಟ್ಟಿಯಲ್ಲಿ ಅರ್ಧದಷ್ಟು, ಮೀನು ಬರುವವರೆಗೂ, ಅಂಬಿಗರ ಕೇರಿಗೆ ಹೋಯಿತು. ಹುಲಿಗೆಮ್ಮ ಊರು ಬಿಡಲಿಲ್ಲ.

ಜೊಂಡು ಎದೆಯೆತ್ತರ ಬೆಳೆಯಿತು. ನೀರಿನಲ್ಲಿ ಮರಿಗಳ ಹಿಂಡು ಕಂಡಿತು, ಕೇರಿಯಲ್ಲಿ ಮತ್ತೆ ಸಾರು ಕುದಿಯಿತು. ಅದರ ಮುಂದಿನ ಮುಂಗಾರಿನ ಮೊದಲ ಮಳೆ ಬಿದ್ದಾಗ ಹುಲಿಗೆಮ್ಮ ಬಲೆಯನ್ನು ಹೆಗಲಿಗೆ ಹಾಕಿಕೊಂಡು ಮಠಕ್ಕೆ ಬಂದಳು. ಮೊಟ್ಟೆಯಿಡುವ ಕಾಲವಿದು, ಬಲೆ ಮನೆಯಲ್ಲಿದ್ದರೆ ಕೈ ತಡೆಯುವುದಿಲ್ಲ ಎಂದಳು.

"ಮರಿ ದೊಡ್ಡವಾಗೋತನಕ ಇದು ನಿಮ್ಮ ಹತ್ರ ಇರಲಿ, ಅಜ್ಜಾರ."

ಮೀನಿನ ವಾಸನೆಗೆ ಶಿಷ್ಯರು ಮೂಗು ಮುಚ್ಚಿಕೊಂಡರು. ಅಜ್ಜನವರು ಎದ್ದು, ಗೂಟದಲ್ಲಿದ್ದ ತಮ್ಮ ಜೋಳಿಗೆಯನ್ನು ನೆಲಕ್ಕಿಳಿಸಿ, ಅದೇ ಗೂಟಕ್ಕೆ ಬಲೆಯನ್ನು ತೂಗುಹಾಕಿದರು. ಆಗ ಹುಲಿಗೆಮ್ಮ ಹೊಸ್ತಿಲು ದಾಟಿ ಒಳಗೆ ಬಂದು ಮೊದಲ ಸಲ ಅವರ ಪಾದಕ್ಕೆ ಹಣೆ ಹಚ್ಚಿದಳು.