ಮಾಳಿಯ ಶಾಲೆ, ಈರಮ್ಮನ ಬಾಯಿ

ಅದ್ಯಾವ ಕಾಲವೋ, ನಮ್ಮಜ್ಜಿಗೂ ಗೊತ್ತಿರಲಿಲ್ಲ ಬಿಡು, ಒಂದು ಕುರುಬರ ಹಟ್ಟೀಲಿ ಈರಮ್ಮ ಅಂತ ಒಬ್ಬಳಿದ್ದಳಂತೆ, ಗಂಡ ಇಲ್ಲ, ಮೂರು ಮಕ್ಕಳು, ಬೀರ, ಕೆಂಚ, ಆಮೇಲೆ ಮಾಳಿ ಅನ್ನೋ ಹುಡುಗಿ. ಕಾಲು ಒದೀಬೇಡ, ಹೊದ್ಕೊ. ಆ ಹಟ್ಟೀಲಿ ಒಬ್ಬರಿಗೂ ಅಕ್ಷರ ಬರ್ತಿರಲಿಲ್ವಂತೆ. ಗುಡ್ಡದಾಚೆ ಒಂದು ಶಾಲೆ, ಅಲ್ಲೇ ಉಂಡು ಅಲ್ಲೇ ಮಲಗಿ ಓದಬೇಕು.

ಮೊದಲು ಬೀರ ಹೋದನಂತೆ. ವರ್ಷಕ್ಕೊಂದ್ಸಲ ಮೇವು ಹುಡುಕ್ಕೊಂಡು ಹೊರಡೋ ಕುರಿ ಹಿಂಡಿಗೆ ಶಾಲೆ ಮುಂದಿನ ಅದೊಂದೇ ದಾರಿ. ಈರಮ್ಮ ಹಾದುಹೋಗುವಾಗ ಹೆತ್ತ ಕರುಳು ತಡೀಲಾರದೆ, ಬೀರಾ ಅಂತ ಕೂಗಿದಳಂತೆ, ಓಡಿಬಂದವನು ವಾಪಸು ಹೋಗಲೇ ಇಲ್ವಂತೆ. ಆಮೇಲೆ ಕೆಂಚ ಹೋದ, ಅವನದೂ ಅದೇ ಹಾಡು. ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿ, ಇನ್ನೊಂದು ಮಗು ಕಳಿಸಿ, ಅದೂ ಓಡಿಹೋದ್ರೆ ನಿಮ್ಮ ಹಟ್ಟಿಯವರಿಗೆ ಈ ಬಾಗಿಲು ಮುಚ್ಚಿತು ಅಂದುಬಿಟ್ಟರಂತೆ.

ನಾನು ಹೋಗ್ತೀನಿ ಅಂದಳಂತೆ ಮಾಳಿ. ಇನ್ನೂ ಹದಿನಾಲ್ಕು ತುಂಬಿರಲಿಲ್ಲ, ಅಣ್ಣಂದಿರು ಬಿದ್ದುಬಿದ್ದು ನಕ್ಕರು, ನಗಲಿ ಬಿಡು ಮುಂಡೇವು. ಹೊರಡುವಾಗ, ಅವ್ವಾ, ಮರಿಗೆ ಹಾಲು ಬಿಡಿಸೋವಾಗ ತಾಯಿಕುರೀನ ಯಾಕೆ ಅಷ್ಟು ದೂರ ಹೊಡೀತೀಯ ಅಂತ ಕೇಳಿದಳಂತೆ. ತಾಯಿ ಕೂಗಿದ್ದು ಕೇಳಿದ್ರೆ ಮರಿ ಬೇಲಿ ಹಾರ್ತದೆ ಕಣೆ ಅಂದಳು ಈರಮ್ಮ. ಹಂಗಾದ್ರೆ ಈ ಸಲ ನೀನೂ ಕೂಗ್ಬೇಡ ಅಂದಳಂತೆ ಮಾಳಿ. ಈರಮ್ಮ ಕಂಬಳಿ ಮಡಚಿ ಅವಳ ಹೆಗಲಿಗೆ ಹಾಕಿದಳಂತೆ.

ಶಾಲೇಲಿ ಮೊದಲು ಸೂರು ಕಾಡ್ತಂತೆ, ಬಯಲಲ್ಲಿ ಮಲಗಿ ಬೆಳೆದೋಳಿಗೆ ಗೋಡೆ ನಡುವೆ ಉಸಿರು ಕಟ್ಟಿತು, ಜಗಲಿ ಮೇಲೆ ಕಂಬಳಿ ಹಾಸ್ಕೊಂಡಳು. ಆಮೇಲೆ ಊಟ, ಥೂ, ನೀರುನೀರು ಸಾರು, ಮೂಗು ಮುಚ್ಚಿಕೊಂಡು ಉಂಡಳಂತೆ. ಆಮೇಲೆ ಬಂತು ನೋಡು ಮೂರನೇದು, ಕುರಿ ಹಿಂಡು. ಕೊರಳಗಂಟೆ ಕೇಳಿದ್ದೇ ಮಾಳಿ ಬಾಗಿಲಿಗೆ ಓಡಿದಳಂತೆ. ಈರಮ್ಮ ಸೆರಗು ಬಾಯಿಗೆ ತುರುಕ್ಕೊಂಡು, ದಳದಳ ಕಣ್ಣೀರು ಸುರಿಸ್ಕೊಂಡು, ತಲೆ ಎತ್ತದೆ ಹೋಗ್ತಾ ಇದ್ದಳಂತೆ. ಮಾಳಿ ಬಾಗಿಲು ಹಿಡ್ಕೊಂಡು ಬಿಕ್ಕಿಬಿಕ್ಕಿ ಅತ್ತಳು, ಅಯ್ಯೋ, ಎಷ್ಟು ಸಂಕಟ ಆಗಿರಬೇಡ ಆ ಕೂಸಿಗೆ, ಅತ್ತು ಮುಗಿಸಿ ಮುಖ ತೊಳ್ಕೊಂಡು ಪಾಠಕ್ಕೆ ಕೂತಳಂತೆ.

ಮುಂದಿನ ವರ್ಷ ಹಿಂಡು ಬಂದಾಗ ಮೇಷ್ಟ್ರೇ ದಾರಿಗೆ ಬಂದು, ಕೂಗಮ್ಮ, ಈಗ ಕೂಗು, ಇವಳಿನ್ನು ಓಡಿಹೋಗೋಳಲ್ಲ ಅಂದರಂತೆ. ಈರಮ್ಮ ಗುಡ್ಡ ಅದುರೋ ಹಂಗೆ, ಮಾಳೀ ಅಂತ ಕೂಗಿದಳಂತೆ. ಅವಳು ಓಡಿಬಂದು, ಅವ್ವನ ಪಕ್ಕ ಕೂತು ರೊಟ್ಟಿ ತಿಂದು, ಹಿಂಡು ಎದ್ದಾಗ ತಾನೂ ಎದ್ದು, ಬರ್ತೀನವ್ವ ಅಂತ ಕೈ ಒರೆಸ್ಕೊಂಡು ಶಾಲೆ ಒಳಗೆ ಹೋದಳಂತೆ. ಹಿಂಡಿನ ಜೊತೆ ಬಂದಿದ್ದ ಹಟ್ಟಿ ಮಕ್ಕಳು ಅವಳ ಹಿಂದೇನೇ ಒಳಗೆ ನುಗ್ಗಿದರಂತೆ, ಈರಮ್ಮ ಯಾರನ್ನೂ ತಡೀಲಿಲ್ವಂತೆ. ಕತೆ ಮುಗೀತು, ಇನ್ನು ಮಲಗು ನನ್ನ ಬಂಗಾರ.